ಮನೆಯ ಆಲಿಕೆಗೆ ಉನ್ನತ ದರ್ಜೆಯ ಹೆಡ್‌ಫೋನು ಮತ್ತು ಆಂಪ್: ಎರಡು ಲಕ್ಷದಲ್ಲಿ ಯಾವುದಕ್ಕೆ ಎಷ್ಟು?

ಶ್ರುತಿಪೆಟ್ಟಿಗೆ (ಮೈಸೂರು):

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕುಳಿತು ಸಂಗೀತ ಕೇಳುವುದಕ್ಕೆಂದೇ ಒಂದು ಒಳ್ಳೆಯ ಹೆಡ್‌ಫೋನು ಮತ್ತು ಅದಕ್ಕೆ ತಕ್ಕ ಆಂಪ್ಲಿಫೈಯರ್ ಕೊಳ್ಳಬೇಕೆಂದಿದ್ದೇನೆ. ಎರಡಕ್ಕೂ ಸೇರಿ ಎರಡು ಲಕ್ಷ ರೂಪಾಯಿ ಎತ್ತಿಟ್ಟಿದ್ದೇನೆ. ಮುಂದಿನ ಹತ್ತು ಹನ್ನೆರಡು ವರ್ಷ ಇದನ್ನೇ ಬಳಸುವ ಉದ್ದೇಶವಿರುವುದರಿಂದ ಅವಸರವೇನೂ ಇಲ್ಲ.

ನಾನು ಕೇಳುವುದು ಮುಖ್ಯವಾಗಿ ಕರ್ನಾಟಕ ಮತ್ತು ಹಿಂದೂಸ್ತಾನಿ ಗಾಯನ, ಅದರಲ್ಲೂ ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳು; ಉಳಿದಂತೆ ವೀಣೆ, ಸ್ವಲ್ಪ ಪಾಶ್ಚಾತ್ಯ ವಾದ್ಯವೃಂದ. ಲ್ಯಾಪ್‌ಟಾಪಿನಿಂದ ಒಂದು ಸಾಧಾರಣ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಫೈಲನ್ನು ಧ್ವನಿಯ ವಿದ್ಯುತ್ ಸಂಕೇತವಾಗಿಸುವ ಪೆಟ್ಟಿಗೆ) ಮೂಲಕ ಕೇಳುತ್ತೇನೆ. ಸಮಯ ರಾತ್ರಿ ಹತ್ತರ ಮೇಲೆ. ಕೋಣೆಯ ಬಾಗಿಲು ಹಾಕಿದರೆ ಹೊರಗಿನ ಸದ್ದು ಹೆಚ್ಚೇನೂ ಬರುವುದಿಲ್ಲ, ಆದರೆ ಬೇಸಿಗೆಯಲ್ಲಿ ಫ್ಯಾನು ತಿರುಗುತ್ತಿರುತ್ತದೆ. ಕನ್ನಡಕ ಹಾಕುತ್ತೇನೆ.

ಪಟ್ಟಿಯಲ್ಲಿ ಈಗ ಉಳಿದಿರುವುದು ಸೆನ್‌ಹೈಸರ್ ಎಚ್‌ಡಿ 800 ಎಸ್ ಮತ್ತು ಆಡಿಝಿಯ ಎಲ್‌ಸಿಡಿ-ಎಕ್ಸ್. ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಹಣವನ್ನು ಸರಿಯಾಗಿ ಎರಡು ಪಾಲು ಮಾಡಿ, ಹೆಡ್‌ಫೋನಿಗೆ ಒಂದು ಲಕ್ಷ, ಆಂಪಿಗೆ ಒಂದು ಲಕ್ಷ ಇಡಬೇಕು, ಇಲ್ಲದಿದ್ದರೆ ಒಳ್ಳೆಯ ಹೆಡ್‌ಫೋನು ತನ್ನ ಶಕ್ತಿಯನ್ನು ತೋರಿಸುವುದೇ ಇಲ್ಲ ಎಂದು ಹೇಳಿದರು. ಹಾಗೆ ಮಾಡಿದರೆ ಈ ಎರಡೂ ಹೆಡ್‌ಫೋನುಗಳು ಕೈತಪ್ಪುತ್ತವೆ. ಆಂಪಿಗೆ ನಿಜಕ್ಕೂ ಅಷ್ಟು ಖರ್ಚು ಬೇಕೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ಕೋರಿಕೆ.

ಬೆಸುಗೆಗಾರ (ಬೆಂಗಳೂರು):

ಅರ್ಧಕ್ಕರ್ಧ ಎಂಬ ಆ ಲೆಕ್ಕಕ್ಕೆ ಯಾವ ಆಧಾರವೂ ಇಲ್ಲ. ಹೆಡ್‌ಫೋನನ್ನು ಮೊದಲು ಆರಿಸಿಕೊಳ್ಳಿ, ಅದಕ್ಕೆ ಎಷ್ಟು ವೋಲ್ಟ್, ಎಷ್ಟು ವಿದ್ಯುತ್ ಪ್ರವಾಹ ಬೇಕೆಂದು ಲೆಕ್ಕ ಹಾಕಿ, ಅದನ್ನು ಶುದ್ಧವಾಗಿ ಕೊಡುವ ಆಂಪ್ ತೆಗೆದುಕೊಳ್ಳಿ. ಲೆಕ್ಕ ಕಷ್ಟದ್ದಲ್ಲ. ಇದನ್ನು ಒಮ್ಮೆ ಮಾಡಿ ನೋಡಿದವರಿಗೆ ಮಾರುಕಟ್ಟೆಯ ಅರ್ಧದಷ್ಟು ಭಯ ಹೋಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಗಮನಿಸಬೇಕಾದದ್ದು, ಸೆನ್ಸಿಟಿವಿಟಿಯನ್ನು, ಅಂದರೆ ಇಷ್ಟು ವಿದ್ಯುತ್ತಿಗೆ ಹೆಡ್‌ಫೋನು ಎಷ್ಟು ಸದ್ದು ಕೊಡುತ್ತದೆ ಎಂಬುದನ್ನು, ತಯಾರಕರು ಎರಡು ಬಗೆಯಲ್ಲಿ ಹೇಳುತ್ತಾರೆ. ಕೆಲವರು 1 ಮಿಲಿವ್ಯಾಟ್‌ಗೆ ಎಷ್ಟು ಡೆಸಿಬೆಲ್ ಎಂದು ಬರೆದರೆ, ಸೆನ್‌ಹೈಸರ್‌ನಂಥವರು 1 ವೋಲ್ಟ್‌ಗೆ ಎಷ್ಟು ಎಂದು ಬರೆಯುತ್ತಾರೆ. ಇವೆರಡನ್ನು ನೇರವಾಗಿ ಹೋಲಿಸಿದರೆ ತೀರ್ಮಾನ ತಲೆಕೆಳಗಾಗುತ್ತದೆ. 300 ಓಮ್ ಹೆಡ್‌ಫೋನಿನಲ್ಲಿ 1 ಮಿಲಿವ್ಯಾಟ್ ಎಂದರೆ ಸುಮಾರು 0.55 ವೋಲ್ಟ್ ಮಾತ್ರ, ಆದ್ದರಿಂದ ಒಂದೇ ಹೆಡ್‌ಫೋನು ಒಂದು ಅಳತೆಯಲ್ಲಿ 103, ಇನ್ನೊಂದರಲ್ಲಿ ಸುಮಾರು 98 ಎಂದು ಕಾಣಿಸಿಕೊಳ್ಳುತ್ತದೆ.

ಸಂಗೀತದ ಅತಿ ಎತ್ತರದ ಕ್ಷಣಗಳಿಗೆ 110 ಡೆಸಿಬೆಲ್ ಬೇಕು ಎಂದು ಇಟ್ಟುಕೊಳ್ಳೋಣ. ಇದು ಧಾರಾಳವಾದ ಅಂದಾಜು. ಮನೆಯಲ್ಲಿ ರಾತ್ರಿ ಕೇಳುವವರಿಗೆ ಇದರ ಹತ್ತಿರವೂ ಬೇಕಾಗುವುದಿಲ್ಲ. ಎಚ್‌ಡಿ 800 ಎಸ್ 300 ಓಮ್‌ನದು, 1 ವೋಲ್ಟ್‌ಗೆ 102 ಡೆಸಿಬೆಲ್ ಕೊಡುತ್ತದೆ. 110 ಮುಟ್ಟಲು ಸುಮಾರು 2.5 ವೋಲ್ಟ್ ಮತ್ತು 8.4 ಮಿಲಿಆಂಪಿಯರ್ ಸಾಕು, ಅಂದರೆ ಸುಮಾರು 21 ಮಿಲಿವ್ಯಾಟ್. ಎಲ್‌ಸಿಡಿ-ಎಕ್ಸ್ 20 ಓಮ್‌ನದು, 1 ಮಿಲಿವ್ಯಾಟ್‌ಗೆ 103 ಡೆಸಿಬೆಲ್. ಅದಕ್ಕೆ ಬೇಕಾದದ್ದು 5 ಮಿಲಿವ್ಯಾಟ್, ಸುಮಾರು 0.32 ವೋಲ್ಟ್, 16 ಮಿಲಿಆಂಪಿಯರ್. ಒಂದಕ್ಕೆ ವೋಲ್ಟೇಜ್ ಹೆಚ್ಚು, ಇನ್ನೊಂದಕ್ಕೆ ಪ್ರವಾಹ ಹೆಚ್ಚು. ಆದರೆ ಎರಡೂ ಇಂದಿನ ಸಾಮಾನ್ಯ ದರದ ಟ್ರಾನ್ಸಿಸ್ಟರ್ ಆಂಪ್‌ಗಳಿಗೆ ಭಾರವೇ ಅಲ್ಲ.

ನಿಜವಾಗಿ ದೊಡ್ಡ ಆಂಪ್ ಬೇಡುವ ಹೆಡ್‌ಫೋನುಗಳು ಇಲ್ಲವೆಂದಲ್ಲ. ಹೈಫೈಮನ್ ಸಸ್ವಾರಾ 60 ಓಮ್, 83 ಡೆಸಿಬೆಲ್. ಇದೇ 110ಕ್ಕೆ ಅದು ಅರ್ಧ ವ್ಯಾಟ್, ಸುಮಾರು 5.5 ವೋಲ್ಟ್, 91 ಮಿಲಿಆಂಪಿಯರ್ ಕೇಳುತ್ತದೆ. ಅಂಥದ್ದನ್ನು ಕೊಳ್ಳುವವರು ಆಂಪಿನ ಬಗ್ಗೆ ಹೆಚ್ಚು ಯೋಚಿಸಬೇಕಾದದ್ದು ನ್ಯಾಯವೇ. ನಿಮ್ಮ ಪಟ್ಟಿಯಲ್ಲಿರುವ ಎರಡೂ ಆ ಗುಂಪಿನವಲ್ಲ.

ಅಳತೆಯಲ್ಲಿ ನೋಡಬೇಕಾದದ್ದು ಮೂರು: ಔಟ್‌ಪುಟ್ ಇಂಪಿಡೆನ್ಸ್ (ಆಂಪಿನ ಒಳಗಿನ ಪ್ರತಿರೋಧ) 1 ಓಮ್‌ನ ಆಸುಪಾಸಿನಲ್ಲಿರಲಿ, ಹಿನ್ನೆಲೆಯ ಸದ್ದು ಕೇಳಿಸದಷ್ಟು ಕಡಿಮೆಯಿರಲಿ, ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಪ್ರಮಾಣ) ಬದಲಿಸುವ ಸ್ವಿಚ್ ಇರಲಿ. 2011ರಲ್ಲಿ ಹೆಸರು ಬಹಿರಂಗಪಡಿಸದ ಎಂಜಿನಿಯರರೊಬ್ಬರು ಓ2 ಎಂಬ ಆಂಪಿನ ಪೂರ್ತಿ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟರು. ಅಗ್ಗದ ಆಪ್-ಆಂಪ್ ಐಸಿಗಳಿಂದ ಕಟ್ಟಿದ ಆ ಪುಟ್ಟ ಪೆಟ್ಟಿಗೆ ಹತ್ತು ಪಟ್ಟು ಬೆಲೆಯ ಆಂಪ್‌ಗಳ ಸಮಕ್ಕೆ ಅಳತೆಯಲ್ಲಿ ನಿಂತಿತು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿ ಬೆಸೆಯುವ ಅಭ್ಯಾಸವಿರುವವರಿಗೆ ಇಂದಿಗೂ ಅದು ಒಳ್ಳೆಯ ಪಾಠ. ಈಗಂತೂ ಜೆಡಿಎಸ್ ಲ್ಯಾಬ್ಸ್, ಟಾಪಿಂಗ್ ಮುಂತಾದವರ ಕೆಳದರ್ಜೆಯ ಮಾದರಿಗಳೂ ಆ ಮಟ್ಟವನ್ನು ದಾಟಿವೆ. ನಿಮ್ಮ ಎರಡು ಲಕ್ಷದಲ್ಲಿ ಆಂಪಿಗೆ ಹತ್ತನೆಯ ಒಂದು ಪಾಲು ಸಾಕು. ಉಳಿದದ್ದು ಹೆಡ್‌ಫೋನಿಗೆ ಹೋಗಲಿ.

ಮಂದ್ರಷಡ್ಜ (ಧಾರವಾಡ):

ಬೆಸುಗೆಗಾರರ ಲೆಕ್ಕವನ್ನು ನಾನು ಒಪ್ಪುತ್ತೇನೆ, ಹೆಡ್‌ಫೋನನ್ನೇ ಮೊದಲು ಆರಿಸಬೇಕೆಂಬುದನ್ನೂ ಒಪ್ಪುತ್ತೇನೆ. ಆದರೆ ಆರಿಸುವುದು ಹೇಗೆ ಎಂಬ ಬಗ್ಗೆ ಹೇಳಬೇಕಾದದ್ದು ಬಹಳಷ್ಟಿದೆ. ನಮ್ಮ ಸಂಗೀತ ಕೇಳುವವರಿಗೆ ಅಂತರಜಾಲದ ಬಹುಪಾಲು ವಿಮರ್ಶೆಗಳು ನೆರವಾಗುವುದಿಲ್ಲ. ಅವರು ಪರೀಕ್ಷೆಗೆ ಇಟ್ಟುಕೊಳ್ಳುವ ಸಂಗೀತವೇ ಬೇರೆ.

ತಂಬೂರಿಯಿಂದ ಆರಂಭಿಸಿ. ಜವಾರಿ (ತಂತಿ ಕುದುರೆಗೆ ಸವರಿ ಝೇಂಕರಿಸುವ ಹದ) ಚೆನ್ನಾಗಿ ಕೂತ ತಂಬೂರಿಯ ನಾದದಲ್ಲಿ ಮೂಲ ಸ್ವರಕ್ಕಿಂತ ಮೇಲಿನ ಅನುಸ್ವರಗಳೇ ಹೆಚ್ಚು ಬೆಳಗುತ್ತವೆ, ತಂತಿ ಮೀಟಿದ ಮೇಲೆ ಅವು ಒಂದರ ನಂತರ ಒಂದು ಮೇಲೆದ್ದು ಇಳಿಯುತ್ತವೆ. ಹೆಡ್‌ಫೋನಿನ 5ರಿಂದ 9 ಕಿಲೋಹರ್ಟ್ಜ್ ನಡುವೆ ಎಲ್ಲಾದರೂ ಒಂದು ಉಬ್ಬು ಇದ್ದರೆ ಆ ಅಲೆಯ ಒಂದು ಭಾಗ ಮಾತ್ರ ಪ್ರತಿ ಸುತ್ತಿನಲ್ಲೂ ಕಿವಿಗೆ ಚುಚ್ಚುತ್ತದೆ. ಐದು ನಿಮಿಷ ತಂಬೂರಿಯನ್ನಷ್ಟೇ ಕೇಳಿದರೆ ಇದು ತಿಳಿದುಬಿಡುತ್ತದೆ. 2009ರಲ್ಲಿ ಬಂದ ಮೊದಲಿನ ಎಚ್‌ಡಿ 800ರಲ್ಲಿ 6 ಕಿಲೋಹರ್ಟ್ಜ್ ಸುಮಾರಿಗೆ ಇಂಥದ್ದೇ ಒಂದು ಉಬ್ಬು ಇತ್ತು. 2016ರ ಎಸ್ ಮಾದರಿಯಲ್ಲಿ ಡ್ರೈವರಿನ (ಸದ್ದು ಹೊರಡಿಸುವ ಭಾಗ) ನಡುವೆ ಅನುರಣನವನ್ನು ಹೀರುವ ಸಣ್ಣ ಕೋಶವೊಂದನ್ನು ಇಟ್ಟು ಅದನ್ನು ತಗ್ಗಿಸಿದರು. ತಂಬೂರಿ ಕೇಳುವವನಿಗೆ ಈ ಎರಡು ಮಾದರಿಗಳ ನಡುವಿನ ಅಂತರ ಚಿಕ್ಕದಲ್ಲ, ಹಾಗಾಗಿ ಎಸ್ ಇಲ್ಲದ ಹಳೆಯದು ಕಡಿಮೆ ಬೆಲೆಗೆ ಸಿಕ್ಕಿತೆಂದು ತೆಗೆದುಕೊಳ್ಳಬೇಡಿ.

ಇನ್ನು ಕೆಳಗಿನ ತುದಿ. ಹಿಂದೂಸ್ತಾನಿಯಲ್ಲಿ ಪುರುಷ ಗಾಯಕರ ಷಡ್ಜ ಸಾಮಾನ್ಯವಾಗಿ 130ರಿಂದ 147 ಹರ್ಟ್ಜ್ ನಡುವೆ ಇರುತ್ತದೆ. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ 65ರಿಂದ 73 ಹರ್ಟ್ಜ್. ಅದಕ್ಕಿಂತ ಕೆಳಗೆ ನಮ್ಮ ಗಾಯನ ಕಛೇರಿಯಲ್ಲಿ ಹೆಚ್ಚೇನೂ ಇಲ್ಲ. ಎಲ್‌ಸಿಡಿ-ಎಕ್ಸ್‌ನಂಥ ಪ್ಲೇನಾರ್ (ಚಪ್ಪಟೆ ತೆಳುಪೊರೆಯ ಡ್ರೈವರಿನ) ಹೆಡ್‌ಫೋನುಗಳು 30 ಹರ್ಟ್ಜ್‌ವರೆಗೂ ಇಳಿಯದೆ ಸಮವಾಗಿ ಹೋಗುತ್ತವೆ ಎಂಬುದು ನಿಜವಾದ ಗುಣವೇ, ಆದರೆ ನೀವು ಕೇಳುವ ಸಂಗೀತಕ್ಕೆ ಅದರ ಪ್ರಯೋಜನ ಪೈಪ್ ಆರ್ಗನ್ ಕೇಳುವವರಿಗೆ ಆಗುವಷ್ಟು ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಕಂಠ. ಕಂಠದ ಸ್ಪಷ್ಟತೆ, ಸಾಹಿತ್ಯದ ವ್ಯಂಜನಗಳು, ಗಮಕದ ತಿರುವು ಇವೆಲ್ಲ 1ರಿಂದ 4 ಕಿಲೋಹರ್ಟ್ಜ್ ನಡುವಿನ ಸಮತೋಲವನ್ನು ಅವಲಂಬಿಸಿವೆ. ಎಲ್‌ಸಿಡಿ-ಎಕ್ಸ್ ಈ ಭಾಗದ ಮೇಲಂಚಿನಲ್ಲಿ ತಗ್ಗುತ್ತದೆ. ಅದರಿಂದ ಗಾಯಕರು ವೇದಿಕೆಯಲ್ಲಿ ಎರಡು ಹೆಜ್ಜೆ ಹಿಂದೆ ಸರಿದು ಕೂತಂತೆ ಕೇಳುತ್ತದೆ. ಗಂಗೂಬಾಯಿ ಹಾನಗಲ್ ಅವರ ಭಾರವಾದ ಧ್ವನಿಯನ್ನು ಅದರಲ್ಲಿ ಕೇಳುವುದು ಒಂದು ಸುಖವೇ. ಆದರೆ ಅದೇ ಹೆಡ್‌ಫೋನಿನಲ್ಲಿ ಮನ್ಸೂರರ ತಾನುಗಳ ಅಂಚು ಮಸುಕಾಗುವುದನ್ನು ನಾನು ಒಪ್ಪಿಕೊಳ್ಳಲಾರೆ. ಈಕ್ವಲೈಝರ್ (ಸ್ವರಭಾಗಗಳನ್ನು ಬೇರೆಬೇರೆಯಾಗಿ ಏರಿಳಿಸುವ ಸಾಧನ) ಬಳಸಿ ಅದನ್ನು ಬಹುಮಟ್ಟಿಗೆ ಸರಿಪಡಿಸಬಹುದು, ಬಳಸುವ ಮನಸ್ಸಿದ್ದರೆ.

ಇನ್ನೊಂದು ಸಲಹೆ. ಇವೆರಡನ್ನು ಕೇಳುವ ಮುನ್ನ, 1997ರಿಂದ ಇಂದಿಗೂ ಮಾರಾಟವಾಗುತ್ತಿರುವ ಸೆನ್‌ಹೈಸರ್ ಎಚ್‌ಡಿ 600 ಅನ್ನು ಎಲ್ಲಿಯಾದರೂ ಅರ್ಧ ಗಂಟೆ ಕೇಳಿ. ಮನುಷ್ಯ ಕಂಠವನ್ನು ಅದರಷ್ಟು ಸಹಜವಾಗಿ ನುಡಿಸುವ ಹೆಡ್‌ಫೋನುಗಳು ಎಷ್ಟೇ ದುಡ್ಡು ಕೊಟ್ಟರೂ ಹೆಚ್ಚಿಲ್ಲ. ಹೆಚ್ಚಿನ ಬೆಲೆಗೆ ಏನು ಸಿಗುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಮಾನದಂಡ ನನಗೆ ಕಂಡಿಲ್ಲ. ಅದಕ್ಕಿಂತ ಎಚ್‌ಡಿ 800 ಎಸ್ ಕೊಡುವುದು ಮುಖ್ಯವಾಗಿ ವಿಸ್ತಾರವನ್ನು: ದೊಡ್ಡ ಬಟ್ಟಲು, ಕಿವಿಗೆ ಓರೆಯಾಗಿ ಇಟ್ಟ 56 ಮಿಲಿಮೀಟರ್ ಡ್ರೈವರು, ಇವುಗಳಿಂದ ವಾದ್ಯವೃಂದದ ಎಡಬಲ ಮತ್ತು ದೂರಗಳು ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತವೆ. ಆದರೆ ಆಕಾಶವಾಣಿಯ ಹಳೆಯ ಮೊನೊ ಧ್ವನಿಮುದ್ರಣದಲ್ಲಿ ಎರಡೂ ಕಿವಿಗೆ ಹೋಗುವುದು ಒಂದೇ ಸಂಕೇತ. ಅದು ಯಾವ ಹೆಡ್‌ಫೋನಿನಲ್ಲೂ ತಲೆಯ ನಡುವೆಯೇ ನಿಲ್ಲುತ್ತದೆ. ನಿಮ್ಮ ಆಲಿಕೆಯಲ್ಲಿ ಮೊನೊ ಎಷ್ಟು, ಸ್ಟೀರಿಯೊ ಎಷ್ಟು ಎಂದು ಯೋಚಿಸಿ.

ಶ್ರುತಿಪೆಟ್ಟಿಗೆ (ಮೈಸೂರು):

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ನನ್ನ ಆಲಿಕೆಯಲ್ಲಿ ಮೊನೊ ಮೂರನೆಯ ಒಂದು ಪಾಲಿರಬಹುದು. ಉಳಿದದ್ದು 1980ರ ನಂತರದ ಸ್ಟೀರಿಯೊ.

ಇನ್ನೂ ಎರಡು ಸಂದೇಹಗಳಿವೆ. ಎರಡೂ ಹೆಡ್‌ಫೋನುಗಳು ಓಪನ್ ಬ್ಯಾಕ್ (ಬಟ್ಟಲಿನ ಹಿಂಬದಿ ತೆರೆದಿರುವಂಥವು) ಆದ್ದರಿಂದ ಫ್ಯಾನಿನ ಸದ್ದು ಎಷ್ಟರ ಮಟ್ಟಿಗೆ ತೊಂದರೆ ಕೊಡುತ್ತದೆ? ಹಾಗೆಯೇ, ಎಚ್‌ಡಿ 800 ಎಸ್‌ಗೆ ವಾಲ್ವ್ ಆಂಪ್ (ಟ್ರಾನ್ಸಿಸ್ಟರಿನ ಬದಲು ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಕೊಳವೆಗಳಿರುವ ಆಂಪ್) ಹಾಕಿದರೆ ಅದರ ತೀಕ್ಷ್ಣತೆ ಹದಕ್ಕೆ ಬರುತ್ತದೆ ಎಂದು ಹಲವರು ಬರೆದಿರುವುದನ್ನು ಓದಿದ್ದೇನೆ. ಅದರಲ್ಲಿ ಹುರುಳಿದೆಯೇ?

ಹೊರನಾಡಿಗ (ನ್ಯೂಜೆರ್ಸಿ):

ವಾಲ್ವ್ ಆಂಪ್ ಬಗ್ಗೆ ನಾನು ಹೇಳುತ್ತೇನೆ. ನನ್ನ ಎಚ್‌ಡಿ 800 ಎಸ್‌ ಅನ್ನು ಬಾಟಲ್‌ಹೆಡ್ ಕ್ರ್ಯಾಕ್ ಎಂಬ, ಕಿಟ್ ರೂಪದಲ್ಲಿ ಬಂದು ನಾವೇ ಬೆಸೆದು ಕಟ್ಟಬೇಕಾದ ಆಂಪಿನಲ್ಲಿ ಕೇಳುತ್ತೇನೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಓಟಿಎಲ್ ವಿನ್ಯಾಸ ಅದು. ಪಿಟೀಲಿನ ಮೇಲಿನ ಸ್ವರಗಳು, ಹಿತ್ತಾಳೆ ವಾದ್ಯಗಳು ಇದರಲ್ಲಿ ದಣಿವು ತರುವುದಿಲ್ಲ, ಮೃದಂಗದ ಎಡಗಡೆಯ ಗುಂಕಿಗೆ ತುಸು ಮೈ ಬರುತ್ತದೆ. ಪಕ್ಕದಲ್ಲಿ ಒಂದು ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ ಕೂಡ ಇದೆ. ಸಂಜೆ ಕುಳಿತು ಪೂರ್ತಿ ಕಛೇರಿ ಕೇಳಬೇಕೆನಿಸಿದಾಗ ಕೈ ಹೋಗುವುದು ವಾಲ್ವ್ ಕಡೆಗೇ. ಅಳತೆಯಲ್ಲಿ ಅದು ಸೋಲುತ್ತದೆ ಎಂಬುದು ನನಗೂ ಗೊತ್ತು. ಕೇಳುವ ಸುಖವೂ ಲೆಕ್ಕಕ್ಕೆ ಬರಬೇಕು ಎಂಬುದಷ್ಟೇ ನನ್ನ ವಾದ.

ಆದರೆ ಓಟಿಎಲ್ ಆಂಪ್ ಕೊಂಡರೆ ಎಲ್‌ಸಿಡಿ-ಎಕ್ಸ್ ಅನ್ನು ಮರೆತುಬಿಡಬೇಕು. ಈ ವಿನ್ಯಾಸ ಹೆಚ್ಚು ಓಮ್‌ನ ಹೆಡ್‌ಫೋನುಗಳಿಗೆ ಮಾತ್ರ: 300 ಓಮ್‌ನ ಸೆನ್‌ಹೈಸರ್‌ಗಳು, 250 ಅಥವಾ 600 ಓಮ್‌ನ ಬೇಯರ್‌ಡೈನಮಿಕ್‌ಗಳು.

ಅಮೆರಿಕದಲ್ಲಿರುವ ನೆಂಟರ ಕೈಲಿ ಆಂಪ್ ತರಿಸುವವರಿಗೆ ಒಂದು ಎಚ್ಚರಿಕೆ. ಇಲ್ಲಿನ ಮನೆಗಳಲ್ಲಿ ಬರುವುದು 120 ವೋಲ್ಟ್, 60 ಹರ್ಟ್ಜ್. ಇಲ್ಲಿ ಮಾರುವ ಹಲವು ಸಣ್ಣ ಆಂಪ್‌ಗಳ ಅಡಾಪ್ಟರು ಫೋನ್ ಚಾರ್ಜರಿನಂತೆ ಎಲ್ಲ ವೋಲ್ಟೇಜಿಗೂ ಹೊಂದುವ ಜಾತಿಯದಲ್ಲ. ಒಳಗೆ ಬರಿಯ ಟ್ರಾನ್ಸ್‌ಫಾರ್ಮರ್ ಇದ್ದು, ಹೊರಗೂ ಎಸಿಯನ್ನೇ ಕೊಡುತ್ತದೆ. ಅದನ್ನು ಊರಿನ 230 ವೋಲ್ಟ್ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗುತ್ತದೆ, ಆಂಪನ್ನೂ ಜೊತೆಗೆ ಕರೆದೊಯ್ಯಬಹುದು. ಅಡಾಪ್ಟರಿನ ಬೆನ್ನ ಮೇಲೆ ಇನ್‌ಪುಟ್ ಎಂದಿರುವ ಸಾಲನ್ನು ಓದಿ. ಅಲ್ಲಿ 100ರಿಂದ 240 ವೋಲ್ಟ್ ಎಂದಿಲ್ಲದಿದ್ದರೆ 230 ವೋಲ್ಟಿನ ಅಡಾಪ್ಟರನ್ನೇ ಬೇರೆಯಾಗಿ ಕೇಳಿ ತರಿಸಿಕೊಳ್ಳಿ.

ಬೆಸುಗೆಗಾರ (ಬೆಂಗಳೂರು):

ಹೊರನಾಡಿಗರಿಗೆ ಕೇಳಿಸುತ್ತಿರುವುದು ನಿಜವಾದದ್ದೇ, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಮಾತ್ರ ಹಣ ಎಲ್ಲಿ ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ.

ಹೆಡ್‌ಫೋನಿನ ಇಂಪಿಡೆನ್ಸ್ ಎಲ್ಲ ಸ್ವರಗಳಲ್ಲೂ ಒಂದೇ ಆಗಿರುವುದಿಲ್ಲ. 300 ಓಮ್ ಎಂದು ಬರೆದಿರುವ ಎಚ್‌ಡಿ 800 ಎಸ್ 100 ಹರ್ಟ್ಜ್ ಸುಮಾರಿಗೆ 600 ಓಮ್‌ವರೆಗೂ ಏರುತ್ತದೆ. ಔಟ್‌ಪುಟ್ ಇಂಪಿಡೆನ್ಸ್ 120 ಓಮ್ ಇರುವ ಆಂಪಿಗೆ ಅದನ್ನು ಸಿಕ್ಕಿಸಿದಾಗ, 300 ಓಮ್ ಇರುವ ಕಡೆ ಸುಮಾರು 2.9 ಡೆಸಿಬೆಲ್ ನಷ್ಟವಾಗುತ್ತದೆ, 600 ಇರುವ ಕಡೆ ಸುಮಾರು 1.6 ಮಾತ್ರ. ಪರಿಣಾಮವಾಗಿ ಮಂದ್ರ ಭಾಗ ಉಳಿದುದಕ್ಕಿಂತ ಸುಮಾರು 1.3 ಡೆಸಿಬೆಲ್ ಮೇಲೇಳುತ್ತದೆ. ಮೃದಂಗದ ಗುಂಕಿಗೆ ಮೈ ಬಂದದ್ದು ಬಹುಪಾಲು ಇದರಿಂದ, ತಾರಸ್ಥಾಯಿ ಮೃದುವಾದಂತೆ ತೋರುವುದೂ ಇದರಿಂದಲೇ. ವಾಲ್ವಿನ ಎರಡನೆಯ ಹಾರ್ಮೋನಿಕ್ ವಿರೂಪವೂ (ಮೂಲ ಸ್ವರದ ಎರಡು ಪಟ್ಟಿನ ಕಂಪನ ಸೇರಿಕೊಳ್ಳುವುದು) ಸ್ವಲ್ಪ ಸೇರಿರಬಹುದು. ಇದೇ ಬದಲಾವಣೆಯನ್ನು ಈಕ್ವಲೈಝರಿನಲ್ಲಿ ಬೇಕಾದಷ್ಟು, ಬೇಕಾದ ಕಡೆ, ಖರ್ಚಿಲ್ಲದೆ ಮಾಡಿಕೊಳ್ಳಬಹುದು, ಬೇಡವಾದಾಗ ತೆಗೆಯಬಹುದು. ಪ್ಲೇನಾರ್‌ಗಳ ಇಂಪಿಡೆನ್ಸ್ ಬಹುತೇಕ ಸಮತಟ್ಟಾಗಿರುವುದರಿಂದ ಈ ಪರಿಣಾಮ ಅಲ್ಲಿಲ್ಲ. 20 ಓಮ್ ಎಲ್‌ಸಿಡಿ-ಎಕ್ಸ್ ಅನ್ನು ಅದೇ ಆಂಪಿಗೆ ಹಾಕಿದರೆ 17 ಡೆಸಿಬೆಲ್‌ನಷ್ಟು ಸುಮ್ಮನೆ ಕರಗಿಹೋಗುತ್ತದೆ, ಪ್ರವಾಹ ಸಾಲದೆ ಧ್ವನಿ ಒಡೆಯುತ್ತದೆ.

ಹಾಗಾಗಿ ವಾಲ್ವ್ ಬೇಡವೆಂದು ನಾನು ಹೇಳುವುದಿಲ್ಲ. ಕಿಟ್ ಕಟ್ಟುವುದು ಖುಷಿಯ ಕೆಲಸ. ಒಳಗಿನ ಡಿಸಿ ವೋಲ್ಟೇಜ್ ಪ್ರಾಣಕ್ಕೆ ಅಪಾಯ ತರುವಷ್ಟಿರುತ್ತದೆ ಎಂಬುದನ್ನು ನೆನಪಿಟ್ಟು ಕಟ್ಟಬೇಕು. ಮೊದಲ ಆಂಪ್ ಆಗಿ, ಒಂದೇ ಆಂಪ್ ಆಗಿ ಅದನ್ನು ಕೊಳ್ಳಬೇಡಿ ಎನ್ನುತ್ತೇನೆ. ನಾಳೆ ಹೆಡ್‌ಫೋನು ಬದಲಿಸುವ ಮನಸ್ಸಾದರೆ ಅದು ನಿಮ್ಮನ್ನು ಕಟ್ಟಿಹಾಕುತ್ತದೆ.

ಬ್ಯಾಲೆನ್ಸ್ಡ್ ಔಟ್‌ಪುಟ್ (ಪ್ರತಿ ಕಿವಿಗೂ ಪರಸ್ಪರ ವಿರುದ್ಧವಾದ ಎರಡು ಸಂಕೇತ ಕಳಿಸುವ ಜೋಡಣೆ) ಬಗ್ಗೆಯೂ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅದರಿಂದ ವೋಲ್ಟೇಜ್ ಇಮ್ಮಡಿಯಾಗಿ ಶಕ್ತಿ ನಾಲ್ಕು ಪಟ್ಟಿನವರೆಗೆ ಏರಬಹುದು, ಔಟ್‌ಪುಟ್ ಇಂಪಿಡೆನ್ಸ್ ಕೂಡ ಇಮ್ಮಡಿಯಾಗುತ್ತದೆ. 21 ಮಿಲಿವ್ಯಾಟ್ ಬೇಕಾದವರಿಗೆ ಅದಕ್ಕಾಗಿ ಹೊಸ ಕೇಬಲ್ ಕೊಳ್ಳುವ ಅಗತ್ಯವಿಲ್ಲ.

ಕಡಲತಡಿ (ಮಂಗಳೂರು):

ಫ್ಯಾನಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅಲ್ಲಿಂದ ಆರಂಭಿಸುತ್ತೇನೆ, ಏಕೆಂದರೆ ನಮ್ಮೂರಿನಲ್ಲಿ ಫ್ಯಾನಿಲ್ಲದೆ ಕೂರುವ ದಿನಗಳೇ ಕಡಿಮೆ. ಓಪನ್ ಬ್ಯಾಕ್ ಹೆಡ್‌ಫೋನು ಹೊರಗಿನ ಸದ್ದನ್ನು ತಡೆಯುವುದೇ ಇಲ್ಲ ಎನ್ನಬಹುದು. ಫ್ಯಾನು ಮಧ್ಯಮ ವೇಗದಲ್ಲಿದ್ದರೆ ಗಾಯನಕ್ಕೆ ತೊಂದರೆಯಿಲ್ಲ. ಆದರೆ ಆಲಾಪದ ನಡುವಿನ ಮೌನ, ವೀಣೆಯ ನಾದ ಸಂಪೂರ್ಣ ಅಡಗುವ ಕೊನೆಯ ಭಾಗ, ಇವು ಫ್ಯಾನಿನ ಸದ್ದಿನಲ್ಲಿ ಮುಳುಗುತ್ತವೆ. ಅದನ್ನು ಮೀರಿಸಲು ವಾಲ್ಯೂಮ್ ಏರಿಸುವುದು ಕಿವಿಗೆ ಒಳ್ಳೆಯದಲ್ಲ. ನೆಲದ ಮೇಲಿಡುವ ಫ್ಯಾನನ್ನು ಕೋಣೆಯ ಆ ಬದಿಯಲ್ಲಿಟ್ಟು ಕಡಿಮೆ ವೇಗದಲ್ಲಿ ಓಡಿಸುವುದು ತಲೆಯ ಮೇಲಿನ ಫ್ಯಾನಿಗಿಂತ ಎಷ್ಟೋ ಮೇಲು. ತಲೆಯ ಮೇಲಿನ ಗಾಳಿ ನೇರವಾಗಿ ಹೆಡ್‌ಫೋನಿನ ಜಾಲರಿಗೆ ಬಡಿದು ಬೇರೆಯೇ ಸದ್ದು ಮಾಡುತ್ತದೆ. ನಿಮ್ಮ ಹೆಡ್‌ಫೋನಿನ ಹಾಡು ಹೊರಗೂ ಕೇಳುತ್ತದೆ. ಅದೇ ಕೋಣೆಯಲ್ಲಿ ಮಕ್ಕಳು ಮಲಗುವುದಾದರೆ ಈ ಜಾತಿಯೇ ಬೇಡ.

ಸೆಕೆ ಮತ್ತು ತೇವದ ಬಗ್ಗೆ ವಿಮರ್ಶಕರು ಬರೆಯುವುದೇ ಇಲ್ಲ. ಮಳೆಗಾಲದಲ್ಲಿ ಚರ್ಮದ ಇಯರ್‌ಪ್ಯಾಡಿಗೆ ಬೂಷ್ಟು ಹಿಡಿಯುತ್ತದೆ, ಕೃತಕ ಚರ್ಮದ್ದು ಪದರ ಪದರವಾಗಿ ಏಳುತ್ತದೆ. ಬಟ್ಟೆಯ ಅಥವಾ ಮೈಕ್ರೊಫೈಬರಿನ ಪ್ಯಾಡು ಬೆವರನ್ನು ಹೆಚ್ಚು ತಡೆದುಕೊಳ್ಳುತ್ತದೆ. ಕೇಳಿ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಗಾಳಿಗೆ ಬಿಟ್ಟು, ಬಿಗಿಯಾದ ಮುಚ್ಚಳವಿರುವ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಹರಳುಗಳ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಇದೇ ಕಾರಣಕ್ಕೆ ಸ್ಟ್ಯಾಕ್ಸ್‌ನಂಥ ಎಲೆಕ್ಟ್ರೊಸ್ಟ್ಯಾಟಿಕ್ ಹೆಡ್‌ಫೋನುಗಳನ್ನು ಕರಾವಳಿಯವರಿಗೆ ನಾನು ಸೂಚಿಸುವುದಿಲ್ಲ. 580 ವೋಲ್ಟ್ ಬಯಾಸ್ (ಸದಾ ಇರುವ ಸ್ಥಿರ ವೋಲ್ಟೇಜ್) ಮೇಲೆ ನಿಂತಿರುವ ಆ ತೆಳುಪೊರೆಗೆ ತೇವ ಶತ್ರು. ಮೈಸೂರಿನಲ್ಲಿ ಆ ಚಿಂತೆ ಕಡಿಮೆ.

ಕನ್ನಡಕದ ವಿಷಯ. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದು ಸಣ್ಣ ಸಂದು ಮಾಡುತ್ತದೆ. ಗಾಳಿ ಸೋರದಂತೆ ಕೂತಾಗ ಮಾತ್ರ ಪೂರ್ತಿ ಮಂದ್ರ ಕೊಡುವ ಎಲ್‌ಸಿಡಿಯಂಥವುಗಳಲ್ಲಿ ಆ ಸಂದಿನಿಂದ ಕೆಳಗಿನ ಸ್ವರಗಳು ಸೋರಿಹೋಗುತ್ತವೆ. ಅಂಗಡಿಯಲ್ಲಿ ಕೇಳುವಾಗ ಕನ್ನಡಕ ತೆಗೆದು ಒಮ್ಮೆ, ಹಾಕಿ ಒಮ್ಮೆ ಕೇಳಿ. ತೂಕವನ್ನೂ ಮರೆಯಬೇಡಿ: ಎಲ್‌ಸಿಡಿ-ಎಕ್ಸ್ 612 ಗ್ರಾಂ, ಎಚ್‌ಡಿ 800 ಎಸ್ 330 ಗ್ರಾಂ. ಮೂರು ಗಂಟೆಯ ಕಛೇರಿಯನ್ನು ಒಂದೇ ಕೂರಿಗೆ ಕೇಳುವವರ ಕುತ್ತಿಗೆಗೆ ಈ ವ್ಯತ್ಯಾಸ ಸ್ವರದ ವ್ಯತ್ಯಾಸದಷ್ಟೇ ದೊಡ್ಡದು.

ಕೊನೆಯದಾಗಿ, ಮನೆಯ ಇನ್ವರ್ಟರು ಸ್ಕ್ವೇರ್ ವೇವ್ ಆಗಿದ್ದರೆ ಕರೆಂಟ್ ಹೋದಾಗ ಟ್ರಾನ್ಸ್‌ಫಾರ್ಮರ್ ಇರುವ ಆಂಪ್‌ಗಳು ಗುಂಯ್‌ಗುಡುತ್ತವೆ. ಆಂಪ್ ಕೆಟ್ಟಿದೆ ಎಂದುಕೊಂಡು ಹಿಂದಿರುಗಿಸುವ ಮುನ್ನ ಅದನ್ನು ಪರೀಕ್ಷಿಸಿ. ಲ್ಯಾಪ್‌ಟಾಪಿನ ಚಾರ್ಜರು ತೆಗೆದ ಕೂಡಲೇ ಸದ್ದು ನಿಂತರೆ ತಪ್ಪು ಆಂಪಿನದಲ್ಲ, ಚಾರ್ಜರಿನ ಹಾದಿಯಲ್ಲಿ ಬರುವ ಸೋರಿಕೆಯದು.

ಶ್ರುತಿಪೆಟ್ಟಿಗೆ (ಮೈಸೂರು):

ಬೆಂಗಳೂರಿಗೆ ಹೋದಾಗ ಮೂರನ್ನೂ ಕೇಳಿದೆ. ಎಲ್ಲವನ್ನೂ ಒಂದೇ ಆಂಪಿನಲ್ಲಿ, ನನ್ನದೇ ಫೈಲುಗಳೊಂದಿಗೆ ಕೇಳಲು ಅವಕಾಶ ಕೊಟ್ಟರು.

ತಂಬೂರಿಯ ಪರೀಕ್ಷೆ ಬಹಳ ಉಪಯೋಗಕ್ಕೆ ಬಂತು. ಎಚ್‌ಡಿ 600ರಲ್ಲಿ ಕಂಠ ನಿಜಕ್ಕೂ ಎದುರಿಗೆ ಕೂತು ಹಾಡಿದಂತಿತ್ತು, ಆದರೆ ಹೊಸದಾದ್ದರಿಂದಲೋ ಏನೋ ಕನ್ನಡಕದ ಕಡ್ಡಿಯನ್ನು ಬಿಗಿಯಾಗಿ ಒತ್ತುತ್ತಿತ್ತು. ಎಲ್‌ಸಿಡಿ-ಎಕ್ಸ್‌ನಲ್ಲಿ ವೀಣೆಯ ಮಂದ್ರ ತಂತಿಗೆ ಇದ್ದ ಘನತೆ ಉಳಿದ ಎರಡರಲ್ಲೂ ಇರಲಿಲ್ಲ. ಕನ್ನಡಕ ಹಾಕಿದೊಡನೆ ಅದರಲ್ಲಿ ಗಮನಾರ್ಹ ಪಾಲು ಹೋಯಿತು, ಕುತ್ತಿಗೆಗೂ ಭಾರವೆನಿಸಿತು. ಎಚ್‌ಡಿ 800 ಎಸ್ ತಲೆಯ ಮೇಲಿರುವುದೇ ಗೊತ್ತಾಗಲಿಲ್ಲ. ಪಕ್ಕವಾದ್ಯದ ಪಿಟೀಲು ಗಾಯಕರ ಧ್ವನಿಯನ್ನು ಹಿಂಬಾಲಿಸುವಾಗ ಇಬ್ಬರೂ ಒಂದೇ ಸ್ವರದಲ್ಲಿದ್ದರೂ ಬೇರೆ ಬೇರೆ ಜಾಗದಲ್ಲಿ ನಿಂತು ಕೇಳಿಸಿದ್ದು ನನಗೆ ಹೊಸ ಅನುಭವ. ಮೃದಂಗ ಮಾತ್ರ ಸ್ವಲ್ಪ ತೆಳುವೆನಿಸಿತು.

ಎಚ್‌ಡಿ 800 ಎಸ್ ಎಂದು ನಿರ್ಧರಿಸಿದ್ದೇನೆ. ಆಂಪ್ ಸಾಧಾರಣ ಬೆಲೆಯ ಟ್ರಾನ್ಸಿಸ್ಟರ್ ಮಾದರಿ. ಮೃದಂಗಕ್ಕಾಗಿ ಈಕ್ವಲೈಝರಿನಲ್ಲಿ ಕೆಳಗಿನ ಭಾಗವನ್ನು 4 ಡೆಸಿಬೆಲ್ ಏರಿಸಿದರೆ ಆಂಪಿನ ಲೆಕ್ಕ ಬದಲಾಗುತ್ತದೆಯೇ? ಗೇನ್ ಎಷ್ಟಕ್ಕೆ ಇಡಬೇಕು?

ಬೆಸುಗೆಗಾರ (ಬೆಂಗಳೂರು):

ಒಳ್ಳೆಯ ಆಯ್ಕೆ, ಪ್ರಶ್ನೆಯೂ ಸರಿಯಾದದ್ದು. ಈಕ್ವಲೈಝರಿನಲ್ಲಿ 4 ಡೆಸಿಬೆಲ್ ಏರಿಸುವಾಗ ಡಿಜಿಟಲ್ ಸಂಕೇತ ಮಿತಿ ದಾಟದಂತೆ ಒಟ್ಟಾರೆ ಮಟ್ಟವನ್ನು ಅಷ್ಟೇ ಇಳಿಸಬೇಕು. ಈಕ್ವಲೈಝರಿನ ಪ್ರೀಆಂಪ್ ಎಂಬ ಸಾಲಿನಲ್ಲಿ ಮೈನಸ್ 4 ಎಂದು ಹಾಕಿ. ಕಳೆದುಕೊಂಡದ್ದನ್ನು ಆಂಪ್ ತುಂಬಬೇಕಾಗುವುದರಿಂದ ಮೊದಲಿನ 2.5 ವೋಲ್ಟ್ ಈಗ ಸುಮಾರು 4 ವೋಲ್ಟ್ ಆಗುತ್ತದೆ. 300 ಓಮ್‌ಗೆ 4 ವೋಲ್ಟ್ ಎಂದರೆ 53 ಮಿಲಿವ್ಯಾಟ್. ಕೊಳ್ಳುವ ಮುನ್ನ ಆಂಪಿನ ವಿವರಗಳಲ್ಲಿ 32 ಓಮ್‌ನ ಸಂಖ್ಯೆಯನ್ನು ಬಿಟ್ಟು 300 ಓಮ್‌ನ ಸಂಖ್ಯೆಯನ್ನು ನೋಡಿ. 100 ಮಿಲಿವ್ಯಾಟ್ ಇದ್ದರೆ ನೆಮ್ಮದಿಯಾಗಿರಬಹುದು.

ನಿಮ್ಮ ಡ್ಯಾಕ್ ಲೈನ್ ಔಟ್‌ನಲ್ಲಿ 2 ವೋಲ್ಟ್ ಕೊಡುವುದಾದರೆ ಗೇನ್ 2 ಇದ್ದರೂ ಸಾಕು. ಮೊದಲು ಕಡಿಮೆ ಗೇನ್‌ನಲ್ಲೇ ಕೇಳಿ. ಹೆಚ್ಚು ಗೇನ್ ಇಟ್ಟರೆ ವಾಲ್ಯೂಮ್ ಗುಬುಟನ್ನು ಆರಂಭದ ಸ್ಥಾನದಿಂದ ಕೂದಲೆಳೆಯಷ್ಟು ತಿರುಗಿಸಿದೊಡನೆ ಸದ್ದು ಜೋರಾಗುತ್ತದೆ. ಆ ತುದಿಯಲ್ಲಿ ಗುಬುಟಿನ ಹಿಂದಿರುವ ಸಾಮಾನ್ಯ ಪೊಟೆನ್ಷಿಯೊಮೀಟರಿನ ಎಡ, ಬಲ ಹಾದಿಗಳು ಸರಿಸಮ ಇರುವುದಿಲ್ಲ, ಗಾಯಕರು ಒಂದು ಕಿವಿಯ ಕಡೆಗೆ ವಾಲಿದಂತೆ ಕೇಳುತ್ತದೆ. ಗುಬುಟು ಗಡಿಯಾರದ ಹತ್ತು ಗಂಟೆಯಿಂದ ಎರಡು ಗಂಟೆಯ ನಡುವೆ ನಿಲ್ಲುವಂತೆ ಗೇನ್ ಆರಿಸಿಕೊಳ್ಳಿ. ಹಳೆಯ ಆಕಾಶವಾಣಿ ಫೈಲುಗಳು ಕೆಳಮಟ್ಟದಲ್ಲಿದ್ದು ಸದ್ದು ಸಾಲದಾದರೆ ಆಗ ಮಾತ್ರ ಹೆಚ್ಚು ಗೇನ್‌ಗೆ ಬನ್ನಿ, ಹೆಡ್‌ಫೋನು ಮರಳಿ ಹಾಕುವ ಮೊದಲು ಇಳಿಸಿಬಿಡಿ.

ಕಿವಿಯ ಸುರಕ್ಷತೆಗೂ ಇದೇ ಲೆಕ್ಕ ಕೆಲಸಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ, ಅಂದರೆ 89ರಲ್ಲಿ ಕೇಳುವವರಿಗೆ ವಾರಕ್ಕೆ ಐದೇ ಗಂಟೆ. ನಿಮ್ಮ ಹೆಡ್‌ಫೋನಿನಲ್ಲಿ 80 ಡೆಸಿಬೆಲ್ ಎಂದರೆ ಸುಮಾರು 80 ಮಿಲಿವೋಲ್ಟ್. ಎಂದಿನ ವಾಲ್ಯೂಮಿಗೆ ಇಟ್ಟು, ಸಂಗೀತದ ಸರಾಸರಿ ಮಟ್ಟಕ್ಕೆ ಸಮನಾದ 300 ಹರ್ಟ್ಜ್ ಸ್ವರವೊಂದನ್ನು ನುಡಿಸಿ, ಎಸಿ ಮಿಲಿವೋಲ್ಟ್ ಅಳೆಯಬಲ್ಲ ಮೀಟರನ್ನು ಹೆಡ್‌ಫೋನಿನ ಪ್ಲಗ್ಗಿನ ಬಳಿ ಹಿಡಿದರೆ ನೀವು ಎಲ್ಲಿದ್ದೀರಿ ಎಂಬುದು ತಿಳಿಯುತ್ತದೆ. ಸರಾಸರಿ ಗೊತ್ತಿಲ್ಲದಿದ್ದರೆ ಡಿಜಿಟಲ್ ಗರಿಷ್ಠಕ್ಕಿಂತ 20 ಡೆಸಿಬೆಲ್ ಕೆಳಗೆ ಎಂದು ಹಿಡಿಯಿರಿ.

ಮಂದ್ರಷಡ್ಜ (ಧಾರವಾಡ):

ಹೆಡ್‌ಫೋನು ಕೈಗೆ ಬಂದ ದಿನವೇ ಒಂದು ಮೊನೊ ಫೈಲನ್ನು ಹಾಕಿ, ಕಂಠ ಸರಿಯಾಗಿ ನಡುವೆ ನಿಲ್ಲುತ್ತದೆಯೇ ನೋಡಿ. ಒಂದು ಬದಿಗೆ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ. ಅದೇ ಬದಿಗೆ ವಾಲಿದರೆ ದೋಷ ನಿಮ್ಮ ಕಿವಿಯದು ಅಥವಾ ಕೂರಿಸಿದ ರೀತಿಯದು. ಇನ್ನೊಂದು ಬದಿಗೆ ಬದಲಾದರೆ ಹೆಡ್‌ಫೋನಿನದು ಅಥವಾ ಆಂಪಿನದು. ಆಗ ವಾಲ್ಯೂಮ್ ಗುಬುಟನ್ನು ಮೇಲೆ ಕೆಳಗೆ ಮಾಡಿ: ಬೆಸುಗೆಗಾರರು ಹೇಳಿದ ಹಾಗೆ ಕೆಳತುದಿಯಲ್ಲಿ ಮಾತ್ರ ವಾಲುವುದಾದರೆ ಅದು ಆಂಪಿನದೇ. ಇದೆಲ್ಲ ಖಾತ್ರಿಯಾಗುವವರೆಗೆ ಪೆಟ್ಟಿಗೆ ಮತ್ತು ಬಿಲ್ಲನ್ನು ಜೋಪಾನವಾಗಿಡಿ, ಹಿಂದಿರುಗಿಸುವ ಗಡುವು ಯಾವ ದಿನಕ್ಕೆ ಮುಗಿಯುತ್ತದೆ ಎಂಬುದನ್ನು ಅಂಗಡಿಯವರಿಂದ ಬರವಣಿಗೆಯಲ್ಲೇ ಪಡೆಯಿರಿ.